ಬಾರದ ಜ್ವರಕ್ಕೆ ಕಾವಲು ಯಾಕೆ?

ಹಳದಿ ಜ್ವರ ಎಂದ ಕೂಡಲೆ ನಮ್ಮಲ್ಲಿ ಹೆಚ್ಚಿನವರು ಅದು ಕಾಮಾಲೆ ಎಂದೇ ತಿಳಿಯುತ್ತಾರೆ. ಧಾರವಾಡದ ಕಡೆ ಅದಕ್ಕೆ ಕಾಮಣಿ ಎನ್ನುತ್ತಾರೆ, ಇಲ್ಲಿ ಪುಣೆಯ ಮರಾಠಿ ಗೆಳೆಯರು ಕಾವೀಳ ಎನ್ನುತ್ತಾರೆ. ಕಣ್ಣು ಹಳದಿಯಾಗುವುದು ಎರಡರಲ್ಲಿಯೂ ಉಂಟು, ಆದರೆ ಎರಡೂ ಒಂದೇ ಅಲ್ಲ. ಕಾಮಾಲೆ ಎಂಬುದು ಒಂದು ಲಕ್ಷಣ ಮಾತ್ರ. ಕೆಟ್ಟ ನೀರಿನಿಂದ, ಕುಡಿತದಿಂದ, ಪಿತ್ತಕೋಶದ ಕಲ್ಲಿನಿಂದ, ಹೀಗೆ ಹತ್ತು ದಾರಿಯಿಂದ ಅದು ಬರಬಹುದು. ಹಳದಿ ಜ್ವರ ಹಾಗಲ್ಲ. ಅದಕ್ಕೆ ಕಾರಣ ಒಂದೇ ಒಂದು ವೈರಸ್, ಅದನ್ನು ಹೊತ್ತು ತರುವುದು ಸೊಳ್ಳೆ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳ ಸುಮಾರು 40 ದೇಶಗಳಲ್ಲಿ ಅದು ನೆಲೆಸಿದೆ. ನಮ್ಮ ದೇಶದಲ್ಲಿ ಅದು ಇದುವರೆಗೂ ಬೇರೂರಿಲ್ಲ.

"ಅಲ್ಲಪಾ, ನಮ್ಮ ದೇಶಕ್ಕ ಬರದೇ ಇರೋ ಜಡ್ಡಿನ ಬಗ್ಗೆ ನಾವ್ಯಾಕ ಓದಬೇಕು?" ಎಂದು ಯಾರಾದರೂ ಕೇಳಿಯಾರು. ಪ್ರಶ್ನೆ ನ್ಯಾಯವಾದದ್ದೇ. ವಾಣಿಜ್ಯ ಓದುವವರಿಗೆ ವಿಮೆಯ ಪಾಠ ಗೊತ್ತಿದೆ. ಅಂಗಡಿಗೆ ಬೆಂಕಿ ಬೀಳಲಿಲ್ಲ, ಆದ್ದರಿಂದ ಕಟ್ಟಿದ ಕಂತೆಲ್ಲ ದಂಡವಾಯಿತು ಎಂದು ಯಾವ ಜಾಣ ವ್ಯಾಪಾರಿಯೂ ಹೇಳುವುದಿಲ್ಲ. ಆದರೆ ಈ ಹಳದಿ ಜ್ವರದ ವಿಷಯದಲ್ಲಿ ನಮಗೆ ಸಿಕ್ಕ ಫಲ ವಿಮೆಗಿಂತಲೂ ದೊಡ್ಡದು. ಬಾರದ ಆ ಜ್ವರಕ್ಕೆ ಕಾವಲು ಕೂತಿದ್ದವರೇ 1957ರಲ್ಲಿ ನಮ್ಮ ಕರ್ನಾಟಕದ ಮಲೆನಾಡಿನಲ್ಲಿ ಇನ್ನೊಂದು ಜ್ವರವನ್ನು ಹಿಡಿದರು. ಹಿಡಿದವರು ಕೆಲಸ ಮಾಡುತ್ತಿದ್ದದ್ದು ನಾವು ದಿನಾ ಓಡಾಡುವ ಈ ಪುಣೆಯಲ್ಲಿಯೇ. ಆ ಕಥೆ ಹೇಳುವ ಮೊದಲು ಹಳದಿ ಜ್ವರ ಅಂದರೆ ಏನೆಂದು ಸ್ವಲ್ಪ ತಿಳಿಯೋಣ.

ಜ್ವರದ ನಡೆ

ವೈರಸ್ ಇರುವ ಸೊಳ್ಳೆ ಕಚ್ಚಿದ 3ರಿಂದ 6 ದಿನಗಳಲ್ಲಿ ಜ್ವರ ಬರುತ್ತದೆ. ಚಳಿ, ತಲೆನೋವು, ಬೆನ್ನು ಮತ್ತು ಮೈಕೈ ನೋವು, ವಾಂತಿ. ಮೂರು ನಾಲ್ಕು ದಿನಗಳಲ್ಲಿ ಬಹಳ ಮಂದಿಗೆ ಇಷ್ಟಕ್ಕೇ ಗುಣವಾಗುತ್ತದೆ. ಇದು ಯಾವ ಜ್ವರವೆಂದು ಅವರಿಗೆ ಗೊತ್ತೂ ಆಗುವುದಿಲ್ಲ. ಆದರೆ ಕೆಲವರಿಗೆ ಒಂದು ದಿನ ಜ್ವರ ಇಳಿದಂತೆ ಮಾಡಿ ಮತ್ತೆ ಏರುತ್ತದೆ. ಈ ಎರಡನೆಯ ಸುತ್ತು ಕೆಟ್ಟದ್ದು. ಯಕೃತ್ತು ಮತ್ತು ಮೂತ್ರಪಿಂಡ ಕೆಡುತ್ತವೆ, ಕಣ್ಣು ಮೈ ಹಳದಿಯಾಗುತ್ತದೆ, ಮೂಗು ಬಾಯಿಯಿಂದ ರಕ್ತ ಬರುತ್ತದೆ, ವಾಂತಿ ಕಪ್ಪಾಗುತ್ತದೆ. ಹೀಗೆ ಎರಡನೆಯ ಸುತ್ತಿಗೆ ಹೋದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ 7ರಿಂದ 10 ದಿನಗಳಲ್ಲಿ ತೀರಿಕೊಳ್ಳುತ್ತಾರೆ. ರೋಗವನ್ನೇ ಕೊಲ್ಲುವ ಔಷಧಿ ಇಂದಿಗೂ ಇಲ್ಲ. ರೋಗಿಗೆ ದ್ರವ ಕೊಟ್ಟು, ಅಂಗಾಂಗಗಳನ್ನು ಕಾಪಾಡಿ, ದೇಹ ತಾನೇ ಗೆಲ್ಲುವ ತನಕ ಆಧಾರ ಕೊಡುವುದಷ್ಟೇ ವೈದ್ಯರ ಕೈಯಲ್ಲಿದೆ. ಆದ್ದರಿಂದಲೇ ಈ ರೋಗದಲ್ಲಿ ಚಿಕಿತ್ಸೆಗಿಂತ ತಡೆಯುವುದೇ ಮುಖ್ಯ.

ಸೊಳ್ಳೆಯ ಮೇಲಿನ ಆರೋಪ

ಸೊಳ್ಳೆಯಿಂದ ಈ ಜ್ವರ ಹರಡುತ್ತದೆ ಎಂದು ಮೊದಲು ಬಲವಾಗಿ ಹೇಳಿದವರು ಕ್ಯೂಬಾ ದೇಶದ ಡಾಕ್ಟರ್ ಕಾರ್ಲೋಸ್ ಫಿನ್ಲೇ. ಅದು 1881. ಸುಮಾರು ಇಪ್ಪತ್ತು ವರ್ಷ ಅವರ ಮಾತಿಗೆ ಯಾರೂ ಕಿವಿಗೊಡಲಿಲ್ಲ. ರೋಗಿಯ ಬಟ್ಟೆ, ಹಾಸಿಗೆ, ವಾಂತಿಯಿಂದ ಅಂಟುತ್ತದೆ ಎಂದೇ ಎಲ್ಲರ ನಂಬಿಕೆ. 1900ರಲ್ಲಿ ಅಮೆರಿಕದ ಸೈನ್ಯದ ವೈದ್ಯ ವಾಲ್ಟರ್ ರೀಡ್ ಮತ್ತು ಅವರ ಸಂಗಡಿಗರು ಹವಾನಾ ಬಳಿ ಎರಡು ಮನೆ ಕಟ್ಟಿಸಿ ಪರೀಕ್ಷೆ ಮಾಡಿದರು. ಒಂದು ಮನೆಯಲ್ಲಿ ರೋಗಿಗಳು ಬಳಸಿದ ಹೊಲಸು ಹಾಸಿಗೆಗಳ ಮೇಲೆ ಮೂವರು 20 ರಾತ್ರಿ ಮಲಗಿದರು. ಸೊಳ್ಳೆಗೆ ಮಾತ್ರ ಒಳಗೆ ಪ್ರವೇಶವಿಲ್ಲ. ಅವರಿಗೆ ಏನೂ ಆಗಲಿಲ್ಲ. ಇನ್ನೊಂದು ಮನೆ ಬಹಳ ಚೊಕ್ಕಟ, ನಡುವೆ ಜಾಳಿಗೆಯ ಪರದೆ. ಒಂದು ಬದಿಗೆ ರೋಗಿಯನ್ನು ಕಚ್ಚಿದ್ದ ಸೊಳ್ಳೆಗಳನ್ನು ಬಿಟ್ಟರು. ಆ ಬದಿಯಲ್ಲಿದ್ದವನಿಗೆ ಜ್ವರ ಬಂತು, ಪರದೆಯ ಆಚೆಗಿದ್ದವರಿಗೆ ಬರಲಿಲ್ಲ. ವಾದ ಅಲ್ಲಿಗೆ ಮುಗಿಯಿತು. ಆದರೆ ಅದರ ಬೆಲೆ ಸಣ್ಣದಲ್ಲ. ಆ ತಂಡದ ಡಾ. ಜೆಸ್ಸಿ ಲಾಜಿಯರ್ ಅದೇ ವರ್ಷ ಅದೇ ಜ್ವರದಿಂದ ಸತ್ತರು.

ತಿಳಿವಳಿಕೆ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಪನಾಮಾ ಸಾಕ್ಷಿ. 1881ರಿಂದ 1889ರ ವರೆಗೆ ಫ್ರೆಂಚರು ಅಲ್ಲಿ ಕಾಲುವೆ ತೋಡಲು ಹೋಗಿ ಕೈಸುಟ್ಟುಕೊಂಡರು. ಹಳದಿ ಜ್ವರ, ಮಲೇರಿಯಾಗಳಿಂದ ಸುಮಾರು 20,000 ಜನ ಸತ್ತರೆಂದು ಅಂದಾಜು. ಅವರ ಆಸ್ಪತ್ರೆಯಲ್ಲಿ ಇರುವೆ ಹತ್ತಬಾರದೆಂದು ಮಂಚದ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಡುತ್ತಿದ್ದರಂತೆ. ನಮ್ಮ ಮನೆಗಳಲ್ಲಿ ತಿಂಡಿಯ ಕಪಾಟಿನ ಕಾಲಿಗೆ ಅಜ್ಜಿಯರು ಇಡುವ ಬಟ್ಟಲಿನ ಹಾಗೆಯೇ. ಇರುವೆ ಬರಲಿಲ್ಲ, ಆದರೆ ಆ ನೀರಿನಲ್ಲಿಯೇ ಸೊಳ್ಳೆ ಮರಿ ಮಾಡಿತು. ರೋಗಿಯ ತಲೆದಿಂಬಿನ ಹತ್ತಿರವೇ ರೋಗದ ಕಾರಖಾನೆ! ಮುಂದೆ ಅಮೆರಿಕನ್ನರು ಮೊದಲು ಸೊಳ್ಳೆಯನ್ನು ಹತೋಟಿಗೆ ತಂದರು, ಆ ಮೇಲೆ ಕಾಲುವೆ ಮುಗಿಸಿದರು. 1914ರಲ್ಲಿ ಕಾಲುವೆ ತೆರೆಯಿತು.

ಈ ಸೊಳ್ಳೆಯ ಹೆಸರು ಈಡಿಸ್ ಈಜಿಪ್ಟೈ. ಕಾಲಿನ ಮೇಲೆ ಬಿಳಿ ಪಟ್ಟೆ, ಹಗಲು ಹೊತ್ತಿನಲ್ಲಿಯೇ ಕಚ್ಚುವ ಸ್ವಭಾವ. ಪರಿಚಯ ಸಿಕ್ಕಿತಲ್ಲವೇ? ಪ್ರತಿ ಮಳೆಗಾಲ ಪುಣೆಗೆ ಡೆಂಗೆ ಹಂಚುವ ಸೊಳ್ಳೆಯೂ ಇದೇ.

ನಮಗೇಕೆ ಭಯ?

ಇಲ್ಲಿಗೆ ವಿಷಯ ನಮ್ಮ ಬಾಗಿಲಿಗೆ ಬಂತು. ಬೆಂಕಿ ಹತ್ತಲು ಕಟ್ಟಿಗೆ, ಗಾಳಿ, ಕಿಡಿ ಮೂರೂ ಬೇಕು. ಭಾರತದಲ್ಲಿ ಈಡಿಸ್ ಸೊಳ್ಳೆ ಊರೂರಿಗೆ ಇದೆ. ಹಳದಿ ಜ್ವರ ಎಂದೂ ಕಾಣದ ಕೋಟಿಗಟ್ಟಲೆ ಜನರಿದ್ದಾರೆ, ಅವರ ರಕ್ತದಲ್ಲಿ ಅದಕ್ಕೆ ಎದುರುಶಕ್ತಿ ಇಲ್ಲ. ನಮ್ಮ ಕಾಡುಗಳಲ್ಲಿ ಮಂಗಗಳಿವೆ. ಕಿಡಿಯೊಂದೇ ಬಾಕಿ.

ಮಂಗದ ಮಾತು ಯಾಕೆ ಬಂತೆಂದರೆ, ಹಳದಿ ಜ್ವರ ಮೂಲದಲ್ಲಿ ಕಾಡಿನ ಮಂಗಗಳ ರೋಗ. ಕಾಡಿನ ಸೊಳ್ಳೆಗಳು ಅದನ್ನು ಮಂಗದಿಂದ ಮಂಗಕ್ಕೆ ದಾಟಿಸುತ್ತವೆ. ಮರ ಕಡಿಯಲು ಹೋದವನಿಗೆ ಅಲ್ಲಿ ತಗುಲುತ್ತದೆ, ಅವನು ಊರಿಗೆ ಬಂದರೆ ಊರಿನ ಈಡಿಸ್ ಸೊಳ್ಳೆ ಮನೆಯಿಂದ ಮನೆಗೆ ಹಂಚುತ್ತದೆ. ಆಫ್ರಿಕಾದ ಮಂಗಗಳು ತಲೆತಲಾಂತರದಿಂದ ಇದಕ್ಕೆ ಒಗ್ಗಿಹೋಗಿ ಸಾಮಾನ್ಯವಾಗಿ ಸಾಯುವುದಿಲ್ಲ. ದಕ್ಷಿಣ ಅಮೆರಿಕದ ಮಂಗಗಳು ಸಾಯುತ್ತವೆ. ನಮ್ಮವು? ಇದಕ್ಕೆ ಉತ್ತರ 1927ರಲ್ಲಿಯೇ ಸಿಕ್ಕಿತ್ತು. ಪಶ್ಚಿಮ ಆಫ್ರಿಕಾದಲ್ಲಿ ಅಸಿಬಿ ಎಂಬ ರೋಗಿಯ ರಕ್ತವನ್ನು ಭಾರತದಿಂದ ತರಿಸಿದ್ದ ರೀಸಸ್ ಮಂಗಕ್ಕೆ ಚುಚ್ಚಿದಾಗ ಅದು ಸತ್ತಿತು. ವೈರಸ್ಸನ್ನು ಪ್ರಯೋಗಶಾಲೆಯಲ್ಲಿ ಹಿಡಿದದ್ದು ಹೀಗೆ, ನಮ್ಮ ದೇಶದ ಮಂಗದ ಮೈಯಲ್ಲಿ. ಆ ಕೆಲಸ ನಡೆಸಿದ ಏಡ್ರಿಯನ್ ಸ್ಟೋಕ್ಸ್ ಅದೇ ವರ್ಷ ಅದೇ ರೋಗಕ್ಕೆ ಬಲಿಯಾದರು. ಅದೇ ಅಸಿಬಿ ವೈರಸ್ಸನ್ನು ಮತ್ತೆ ಮತ್ತೆ ಬೆಳೆಸಿ, ಅದರ ವಿಷ ಕುಂದಿಸಿ, ಮ್ಯಾಕ್ಸ್ ಥೈಲರ್ ಎಂಬ ವಿಜ್ಞಾನಿ 1937ರಲ್ಲಿ 17ಡಿ ಎಂಬ ಲಸಿಕೆ ಮಾಡಿದರು. 1951ರಲ್ಲಿ ಅವರಿಗೆ ನೋಬೆಲ್ ಪಾರಿತೋಷಕ ಸಿಕ್ಕಿತು. ಜಗತ್ತು ಇಂದಿಗೂ ಬಳಸುವುದು ಆ ಮನೆತನದ ಲಸಿಕೆಯನ್ನೇ.

ಕ್ಯಾಸನೂರಿನ ಮಂಗಗಳು

1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ತೆರೆದವು. 1978ರಲ್ಲಿ ಅದು ರಾಷ್ಟ್ರೀಯ ವಿಷಾಣು ಸಂಸ್ಥೆ ಆಯಿತು. ಡಾ. ಅಂಬೇಡ್ಕರ್ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಅದರ ಫಲಕವನ್ನು ನಮ್ಮಲ್ಲಿ ಎಷ್ಟೋ ಜನ ನೋಡಿರಬಹುದು. ಕೀಟಗಳು ಹರಡುವ ವೈರಸ್ ರೋಗ ಯಾವುದು ಎಲ್ಲಿದೆ ಎಂದು ಹುಡುಕುವುದೇ ಆ ಕೇಂದ್ರದ ಮೊದಲ ಕೆಲಸವಾಗಿತ್ತು.

1957ರ ಮಾರ್ಚ್ ತಿಂಗಳಲ್ಲಿ ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯಿಂದ ಸುದ್ದಿ ಬಂತು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸಾಯುತ್ತಿವೆ. ಕರಿಮುಖದ ಮುಸಿಯಗಳೂ ಸಾಯುತ್ತಿವೆ, ಕೆಂಪು ಮಂಗಗಳೂ ಸಾಯುತ್ತಿವೆ. ಸುತ್ತಲಿನ ಹಳ್ಳಿಗಳಲ್ಲಿ ಟೈಫಾಯಿಡ್‌ನಂಥ ಜ್ವರ, ಕೆಲವರಿಗೆ ರಕ್ತಸ್ರಾವ. ಪುಣೆಯ ತಜ್ಞರ ಎದೆ ಧಸಕ್ಕೆಂದಿರಬೇಕು. ಮಂಗ ಸಾಯುತ್ತದೆ, ಪಕ್ಕದ ಹಳ್ಳಿಯ ಮನುಷ್ಯನಿಗೆ ರಕ್ತ ಸುರಿಸುವ ಜ್ವರ ಬರುತ್ತದೆ ಎಂದರೆ ವೈದ್ಯಗ್ರಂಥಗಳು ತೋರಿಸುತ್ತಿದ್ದದ್ದು ಒಂದೇ ಕಡೆಗೆ, ಹಳದಿ ಜ್ವರದ ಕಡೆಗೆ. ಅದು ನಿಜವಾಗಿದ್ದರೆ ಇಡೀ ಏಷ್ಯಾ ಖಂಡಕ್ಕೇ ಗಂಡಾಂತರ.

ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಕಾಡಿಗೆ ಇಳಿದರು. ಸತ್ತ ಮಂಗಗಳ ಅಂಗಾಂಶ ತಂದು ಪುಣೆಯಲ್ಲಿ ಪರೀಕ್ಷಿಸಿದರು, ವೈರಸ್ ಸಿಕ್ಕಿತು. ಅದು ಹಳದಿ ಜ್ವರದ್ದಲ್ಲ! ರಷ್ಯಾದ ಕಾಡುಗಳಲ್ಲಿ ವಸಂತ ಮತ್ತು ಬೇಸಿಗೆಯಲ್ಲಿ ಮಿದುಳಿಗೆ ಹತ್ತುವ ಒಂದು ಜ್ವರದ ವೈರಸ್ಸಿಗೆ ಅದು ಹತ್ತಿರದ ಸಂಬಂಧಿ. ಅದನ್ನು ಹರಡುವುದು ಸೊಳ್ಳೆಯಲ್ಲ, ಉಣ್ಣೆ. ಮಲೆನಾಡಿನವರು ಉಣುಗು ಎನ್ನುವ, ದನದ ಮೈಗೆ ಕಚ್ಚಿಕೊಂಡಿರುವ ಆ ಹುಳ. ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಉಣ್ಣೆಗಳನ್ನು ಹಿಡಿದು ನೋಡಿದಾಗ ಅವುಗಳಲ್ಲಿಯೂ ಅದೇ ವೈರಸ್ ಇತ್ತು. ಜಗತ್ತಿನ ವೈದ್ಯಶಾಸ್ತ್ರದಲ್ಲಿ ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಾಯಿತು. ನಮ್ಮ ಜನ ಕರೆದದ್ದು ಮಂಗನ ಕಾಯಿಲೆ.

ಹಳದಿ ಜ್ವರ, ಡೆಂಗೆ, ಮಂಗನ ಕಾಯಿಲೆ ಈ ಮೂರರ ವೈರಸ್ಸುಗಳೂ ಒಂದೇ ಕುಲದ ದಾಯಾದಿಗಳು. ಆ ಕುಲಕ್ಕೆ ಫ್ಲಾವಿ ಎಂಬ ಹೆಸರು ಬಂದದ್ದೂ ಹಳದಿ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ. ಅಂದರೆ ಕಾವಲುಗಾರರು ಅಣ್ಣನಿಗಾಗಿ ಕಾಯುತ್ತಿದ್ದರು, ಸಿಕ್ಕಿದವನು ತಮ್ಮ. ಕಾವಲೇ ಇಲ್ಲದಿದ್ದರೆ ಸೊರಬದ ಆ ಸಾವುಗಳು ಇನ್ನೆಷ್ಟೋ ವರ್ಷ ಬರೀ "ಜ್ವರ ಬಂದು ಹೋದ" ಎಂಬ ಲೆಕ್ಕದಲ್ಲಿಯೇ ಸೇರಿಹೋಗುತ್ತಿದ್ದವು.

ತಡೆಯುವುದು ಹೇಗೆ: 6, 10, ಒಂದು

ಮೊದಲು ಹಳದಿ ಜ್ವರ. ಪುಣೆಯ ಕಾಲೇಜುಗಳಲ್ಲಿ ಆಫ್ರಿಕಾದಿಂದ ಬಂದ ವಿದ್ಯಾರ್ಥಿಗಳಿದ್ದಾರೆ, ಇಲ್ಲಿಂದ ಅಲ್ಲಿಗೆ ನೌಕರಿಗೆ ಹೋಗುವ ನಮ್ಮವರೂ ಇದ್ದಾರೆ. ಅಂಥ ದೇಶಗಳಿಂದ ಭಾರತಕ್ಕೆ ಬರುವವರ ಕೈಯಲ್ಲಿ ಲಸಿಕೆಯ ಪ್ರಮಾಣಪತ್ರ ಇರಬೇಕು. ಹಳದಿ ಬಣ್ಣದ ಪುಟ್ಟ ಪುಸ್ತಕ ಅದು. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿಯೇ ತಡೆದು 6 ದಿನದ ವರೆಗೆ ಸೊಳ್ಳೆ ಬಾರದ ಕೋಣೆಯಲ್ಲಿ ಇಡಬಹುದು. ಬಂದವರು ಯಾವ ದೇಶದವರು ಎಂಬುದು ಮುಖ್ಯವಲ್ಲ, ಅಲ್ಲಿಂದ ಮರಳಿದ ಭಾರತೀಯನಿಗೂ ಇದೇ ನಿಯಮ. "ಇದೇನು ದಂಡನೆ?" ಎಂದು ಅನೇಕರು ರೇಗುತ್ತಾರೆ. 6 ದಿನ ಯಾಕೆ ಎಂದು ತಿಳಿದರೆ ಸಿಟ್ಟು ಇಳಿಯುತ್ತದೆ. ಸೊಳ್ಳೆ ಕಚ್ಚಿ ಹೆಚ್ಚೆಂದರೆ 6 ದಿನಕ್ಕೆ ಜ್ವರ ಬರುತ್ತದೆ. ಅಷ್ಟರೊಳಗೆ ಬರಲಿಲ್ಲವೆಂದರೆ ಆತ ಕಿಡಿ ತಂದಿಲ್ಲ ಎಂದರ್ಥ.

ಹಾಗೆಯೇ ಲಸಿಕೆ ಹಾಕಿಸಿದ 10 ದಿನಗಳ ಮೇಲೆಯೇ ಪ್ರಮಾಣಪತ್ರಕ್ಕೆ ಬೆಲೆ. ದೇಹ ಎದುರುಶಕ್ತಿ ಕಟ್ಟಿಕೊಳ್ಳಲು ಅಷ್ಟು ಸಮಯ ಬೇಕು. ನಾಳೆ ವಿಮಾನ, ಇವತ್ತು ಚುಚ್ಚುಮದ್ದು ಎಂದರೆ ನಡೆಯದು. ಹಿಂದೆ 10 ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕಿತ್ತು. 2016ರ ಜುಲೈಯಿಂದ ಅಂತರರಾಷ್ಟ್ರೀಯ ನಿಯಮ ಬದಲಾಗಿ, ಒಂದು ಸಲ ಹಾಕಿಸಿದ್ದು ಜೀವಮಾನಕ್ಕೆಲ್ಲ ಸಾಕು. ಸರಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಬೇಕು. ಇದು ಜೀವಂತ ವೈರಸ್ಸಿನ ಲಸಿಕೆ, ಕೋಳಿಮೊಟ್ಟೆಯಲ್ಲಿ ಬೆಳೆಸಿದ್ದು. ಆದ್ದರಿಂದ ಮೊಟ್ಟೆ ತಿಂದರೆ ಮೈಗೆ ತೀವ್ರವಾಗಿ ಆಗದವರು, ಎದುರುಶಕ್ತಿ ಕುಂದಿದವರು, ಗರ್ಭಿಣಿಯರು, 60 ದಾಟಿದವರು ಮೊದಲೇ ಡಾಕ್ಟರರಿಗೆ ಹೇಳಬೇಕು. ಹಣ ಕೊಟ್ಟು ಬರೀ ಕಾರ್ಡು ಮಾಡಿಸಿಕೊಳ್ಳುವ ಜಾಣತನ ಬೇಡವೇ ಬೇಡ. ಅಧಿಕಾರಿ ಕಾರ್ಡು ಓದಿಯಾನು, ಸೊಳ್ಳೆ ಓದುವುದಿಲ್ಲ.

ಇದು ಪುಸ್ತಕದ ಬದನೆಕಾಯಿ ಅಲ್ಲ. 2015ರ ಡಿಸೆಂಬರಿನಲ್ಲಿ ಅಂಗೋಲಾದ ರಾಜಧಾನಿ ಲುವಾಂಡಾದಲ್ಲಿ ಹಳದಿ ಜ್ವರ ಎದ್ದಿತು. 2016ರಲ್ಲಿ ಅಲ್ಲಿಂದ ಚೀನಕ್ಕೆ ಮರಳಿದ 11 ಜನರಲ್ಲಿ ಅದು ಕಂಡುಬಂತು. ಅದೃಷ್ಟಕ್ಕೆ ಅಲ್ಲಿ ಹರಡಲಿಲ್ಲ. ಅದೇ ವರ್ಷ ಲಸಿಕೆಯ ದಾಸ್ತಾನು ಸಾಲದೆ ಕಾಂಗೋ ದೇಶದ ಕಿನ್ಶಾಸಾ ನಗರದಲ್ಲಿ ಒಬ್ಬೊಬ್ಬರಿಗೆ ಐದನೆಯ ಒಂದು ಪಾಲು ಮಾತ್ರ ಹಾಕಬೇಕಾಯಿತು. ಅಷ್ಟು ಹಾಕಿದ್ದೂ ಕೆಲಸ ಮಾಡಿತು, ಅದು ಬೇರೆ ಮಾತು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಲಸಿಕೆ ತಯಾರಕರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ರೋಗ ನಮ್ಮಂಥ ದೊಡ್ಡ ದೇಶಕ್ಕೆ ಬಂದ ಮೇಲೆ ಎಲ್ಲರಿಗೂ ಲಸಿಕೆ ಎಲ್ಲಿಂದ ತರುವುದು? ಬೇಡಿಕೆ ಮತ್ತು ಪೂರೈಕೆಯ ಪಾಠ ಓದಿದವರು ಯೋಚಿಸಿ ನೋಡಲಿ. ಬಾಗಿಲಲ್ಲಿ 6 ದಿನ ಕಾಯುವುದೇ ಸೋವಿ.

ಇನ್ನು ಸೊಳ್ಳೆ. ಈಡಿಸ್ ಗಟಾರದ ಕೊಳಕು ನೀರಿಗಿಂತ ನಿಂತ ತಿಳಿನೀರನ್ನೇ ಹೆಚ್ಚು ಬಯಸುತ್ತದೆ. ಹಾಸ್ಟೆಲಿನ ಡ್ರಮ್ಮು, ಕೂಲರ್, ಕುಂಡದ ಕೆಳಗಿನ ತಟ್ಟೆ, ಗಚ್ಚಿಯ ಮೇಲೆ ಎಸೆದ ಟೈರು, ಒಡೆದ ಮಡಕೆ ಇವೇ ಅದರ ತವರುಮನೆ. ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಹಿಡಿಯುತ್ತದೆ. ಆದ್ದರಿಂದ ವಾರಕ್ಕೆ ಒಂದು ದಿನ ನೀರು ಚೆಲ್ಲಿ, ಪಾತ್ರೆಯ ಒಳಮೈ ತಿಕ್ಕಿ ಒಣಗಿಸಬೇಕು. ತಿಕ್ಕುವುದು ಮುಖ್ಯ, ಯಾಕಂದರೆ ಗೋಡೆಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತದೆ. ಇದರಿಂದ ಇವತ್ತು ಡೆಂಗೆ ತಪ್ಪುತ್ತದೆ, ಎಂದಾದರೂ ಹಳದಿ ಜ್ವರ ಬಂದರೆ ಅದಕ್ಕೂ ದಾರಿ ಮುಚ್ಚಿರುತ್ತದೆ.

ಮಲೆನಾಡಿನವರ ಪಾಲಿಗೆ

ಮಂಗನ ಕಾಯಿಲೆ ಸೊರಬದಲ್ಲಿಯೇ ನಿಲ್ಲಲಿಲ್ಲ. 1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿಯಲ್ಲಿ ಗೇರುತೋಟಕ್ಕೆಂದು ಕಾಡು ಕಡಿದ ಮೇಲೆ ದೊಡ್ಡ ಪಿಡುಗಾಯಿತು. 1983 ಒಂದೇ ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಜನ ಬಿದ್ದರು. 2015ರಲ್ಲಿ ಗೋವೆಯ ಸತ್ತರಿ, 2016ರಲ್ಲಿ ನಮ್ಮ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗ, 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು. ಹಳದಿ ಜ್ವರದ ಕಾಡುಗಳಲ್ಲಿ ಪಳಗಿ ಕೊಲಂಬಿಯಾ ದೇಶದಿಂದ ಪುಣೆಯ ಕೇಂದ್ರಕ್ಕೆ ಬಂದಿದ್ದ ಹೋರ್ಹೆ ಬೋಶೆಲ್ 1960ರ ದಶಕದಲ್ಲಿಯೇ ಇದರ ಮೂಲ ತೋರಿಸಿದ್ದರು. ಕಾಡು ಕಡಿದು ಹೊಲ ಮಾಡಿದಂತೆ, ಅಂಚಿನ ಕಾಡಿಗೆ ದನ ಮೇಯಲು ಹೋದಂತೆ, ಉಣ್ಣೆಯ ಸಂತತಿ ಏರುತ್ತದೆ, ಮನುಷ್ಯನೂ ಅದರ ದಾರಿಗೆ ಬೀಳುತ್ತಾನೆ.

ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತನಕ. ಸಾಸಿವೆಯಂಥ ಮರಿ ಉಣ್ಣೆಗಳು ತರಗೆಲೆಯಲ್ಲಿ ಇರುವ ಕಾಲ. ಅದೇ ಕಾಲದಲ್ಲಿ ಜನ ಸೌದೆಗೂ ತರಗೆಲೆಗೂ ಕಾಡಿಗೆ ಹೋಗುತ್ತಾರೆ. ಆಗ ಮೈ ತುಂಬ ಬಟ್ಟೆ ಇರಬೇಕು, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು. ಮರಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಕಾಡಿಗೆ ಹೋಗಿಬಂದವರಿಗೆ ಫಕ್ಕನೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಿ "ಕಾಡಿಗೆ ಹೋಗಿದ್ದೆ" ಎಂದು ಬಾಯಿಬಿಟ್ಟು ಹೇಳಬೇಕು. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದಿಲ್ಲ, ರೋಗಿಯನ್ನು ದೂರ ಮಾಡಬಾರದು.

ಸತ್ತ ಮಂಗ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೋ ಆರೋಗ್ಯ ಕೇಂದ್ರಕ್ಕೋ ಕೂಡಲೆ ತಿಳಿಸಬೇಕು. ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣೆಗಳು ಕೆಳಗಿಳಿದು ಸುತ್ತಲಿನ ನೆಲದಲ್ಲಿ ಹರಡುತ್ತವೆ. ಮಂಗ ಇಲ್ಲಿ ಅಪರಾಧಿಯಲ್ಲ, ನಮಗಿಂತ ಮೊದಲು ಸತ್ತು ಎಚ್ಚರಿಕೆ ಕೊಡುವ ಪ್ರಾಣಿ. ಕೆಲವು ವರ್ಷಗಳ ಹಿಂದೆ ಬ್ರೆಜಿಲಿನಲ್ಲಿ ಹಳದಿ ಜ್ವರ ಎದ್ದಾಗ ತಿಳಿಯದ ಜನ ಮಂಗಗಳನ್ನೇ ಹೊಡೆದು ಕೊಂದರು. ಮನೆಗೆ ಕಳ್ಳ ಬಂದಾಗ ಬೊಗಳಿದ ನಾಯಿಯನ್ನು ಕೊಂದಂತಾಯಿತು.

ಕೊನೆಗೆ ಒಂದು ಲೆಕ್ಕ. ವಿಮಾನದಲ್ಲಿ ಹೋಗುವವನಿಗೆ ಇಲ್ಲದ ರೋಗದಿಂದ ರಕ್ಷಣೆಯಾಗಿ ಜೀವಮಾನಕ್ಕೆ ಸಾಕಾಗುವ ಲಸಿಕೆ ಇದೆ. ಕಾಡಿಗೆ ಸೌದೆಗೆ ಹೋಗುವ ಮಲೆನಾಡಿನ ಹೆಂಗಸಿಗೆ ಇರುವ ರೋಗದಿಂದ ಅಂಥ ರಕ್ಷಣೆ ಇಲ್ಲ. ಮಂಗನ ಕಾಯಿಲೆಗೆ ಬಹಳ ವರ್ಷ ಕೊಟ್ಟ ಹಳೆಯ ಲಸಿಕೆಯ ಬಲ ಸಾಲದೆಂದು ಕಂಡು ಅದನ್ನು ನಿಲ್ಲಿಸಲಾಗಿದೆ. ಹೊಸದರ ಕೆಲಸ ನಡೆದಿದೆ. ಅಸಿಬಿಯ ರಕ್ತದಿಂದ 17ಡಿ ಲಸಿಕೆಗೆ ಹಿಡಿದದ್ದು 10 ವರ್ಷ. ಕ್ಯಾಸನೂರಿನ ಮಂಗ ಸತ್ತು 60 ವರ್ಷಗಳ ಮೇಲಾಯಿತು. ಪುಣೆಯಲ್ಲಿ ಓದುವ ನಾವು ಕನ್ನಡ ಹುಡುಗ ಹುಡುಗಿಯರು ರಜೆಗೆ ಊರಿಗೆ ಹೋದಾಗ ಈ ನಾಲ್ಕು ಮಾತು ಹೇಳಬಹುದು, ನಮ್ಮಲ್ಲಿ ವಿಜ್ಞಾನ ಓದುವವರು ಆ ಬಾಕಿ ತೀರಿಸುವ ಕೆಲಸಕ್ಕೆ ಕೈಹಾಕಬಹುದು. ಬಾರದ ಜ್ವರಕ್ಕೆ ಇಷ್ಟು ಚೆನ್ನಾಗಿ ಕಾವಲು ಕಾದ ದೇಶ ಬಂದು ಕೂತ ಜ್ವರಕ್ಕೂ ಅಷ್ಟೇ ಕಾಯಲಿ.